ಐದು ಕೈಯ ಗಾಳ

ಕನ್ನಡಕದ ಅಂಗಡಿಯವನ ಅಂಗಿಯನ್ನು ಒಗೆಯಲೆಂದು ಎತ್ತಿಕೊಂಡ ಹೆಂಡತಿಗೆ ಅದರ ಜೇಬಿನಲ್ಲಿ ಎಲೆಯಾಕಾರದ ಹೊಳೆಯುವ ತಗಡೊಂದು ಸಿಕ್ಕಿತು. ತುದಿಯಲ್ಲಿ ಕೆಂಪು ಮಣಿ, ಮೇಲೆ ಪುಟ್ಟ ಉಂಗುರ.

"ಇದು ಯಾರ ಓಲೆ? ನನ್ನದಕ್ಕೆ ಹಸಿರು ಮಣಿ."

"ಓಲೆ ಅಲ್ಲ ಕಣೇ, ಮೀನಿಗೆ!"

"ಮೀನಿಗೆ ಕಿವಿ ಎಲ್ಲಿದೆ?"

ನಲ್ಲಿಯಲ್ಲಿ ನೀರು ಬರುತ್ತಿದೆಯೇ ಎಂದು ಕೇಳುವ ನೆಪದಲ್ಲಿ ಎದುರುಮನೆಯ ನರ್ಸಮ್ಮ ಒಳಗೇ ಬಂದಳು. ತಗಡನ್ನು ಬೆಳಕಿಗೆ ಹಿಡಿದು ಎಕ್ಸ್‌ರೇ ನೋಡುವವಳಂತೆ ಕಣ್ಣು ಕಿರಿದು ಮಾಡಿದಳು. "ಒಂದೇ ಇದೆ ಅಕ್ಕ. ಇನ್ನೊಂದು ಅವಳ ಹತ್ರಾನೇ ಇರತ್ತೆ."

ಅವನು ಗುಟ್ಟಾಗಿ ಕಟ್ಟುತ್ತಿದ್ದ ಗಾಳವನ್ನು ಮಂಚದಡಿಯಿಂದ ಎಳೆದು ತಂದ. ಬಟ್ಟೆ ಕಿತ್ತ ಛತ್ರಿಯಂತೆ ಐದು ತಂತಿಗಳು. ಒಂದೊಂದರ ತುದಿಗೂ ರಬ್ಬರಿನ ಮರಿಮೀನು, ಬಗೆಬಗೆಯ ಮಣಿ ಪೋಣಿಸಿದ ತಗಡು. ಒಂದು ತಂತಿಗೆ ಮಾತ್ರ ತಗಡು ಬಾಕಿಯಿತ್ತು.

"ನೀರಲ್ಲಿ ಎಳೆದ್ರೆ ಮರಿಮೀನಿನ ಹಿಂಡೇ ಹೋದಂಗೆ ಕಾಣತ್ತೆ. ಕೆರೇಲಿರೋ ದೊಡ್ಡ ಮೀನು ಬಂದು ಬಾಯಿ ಹಾಕತ್ತೆ. ಗೊತ್ತಾಯ್ತಾ?"

ಹೆಂಡತಿ ತಂತಿಗಳನ್ನು ಎಣಿಸಿದಳು. "ಐದು ಜನಾನಾ?"

ಇನ್ನು ಮೀನನ್ನೇ ಹಿಡಿದು ತೋರಿಸದೆ ಗತಿಯಿರಲಿಲ್ಲ. ಮಧ್ಯಾಹ್ನ ಕೆರೆಗೆ ಹೊರಟಾಗ ಹೆಂಡತಿಯ ಜೊತೆ ನರ್ಸಮ್ಮನೂ ಬಂದಳು. ಅವನು ದಾರಿಯಲ್ಲಿ ತಪ್ಪಿಸಿಕೊಂಡು ಹೋಗಬಾರದೆಂದು ಮಹಡಿ ಮನೆಯ ನಿವೃತ್ತ ಪೇದೆಯೂ ಲಾಠಿ ಹಿಡಿದು ಬಂದ.

ಮೊದಲ ಎಸೆತಕ್ಕೆ ಗಾಳ ಪೇದೆಯ ಪ್ಯಾಂಟಿನ ಹಿಂಭಾಗ ಕಚ್ಚಿತು. "ಕರ್ತವ್ಯಕ್ಕೆ ಅಡ್ಡಿ," ಎಂದು ಆತ ಗೊಣಗಿದ. ಎರಡನೆಯದಕ್ಕೆ ಕೆಸರು ಮೆತ್ತಿದ ಹೆಂಗಸರ ಚಪ್ಪಲಿಯೊಂದು ಮೇಲೆ ಬಂತು.

"ಅವಳದ್ದೇ!" ಎಂದಳು ನರ್ಸಮ್ಮ.

ಮೂರನೆಯದಕ್ಕೆ ಕೋಲು ಬಿಲ್ಲಿನಂತೆ ಬಾಗಿತು. ಅವನು ಮೊಣಕಾಲುದ್ದ ನೀರಿಗೆ ಜಾರಿದ, ಬಿದ್ದ, ಎದ್ದ, ಆದರೂ ಕೋಲು ಬಿಡಲಿಲ್ಲ. ಕೊನೆಗೆ ಎಳೆಮಗುವಿನಷ್ಟು ತೂಕದ ಮೀನು ದಡದ ಮೇಲೆ ಪಟಪಟನೆ ಹೊರಳಿತು.

ಹೆಂಡತಿಯ ಕಣ್ಣು ತುಂಬಿತು. "ತಪ್ಪಾಯ್ತು ರೀ. ಸುಮ್ಮನೆ ನಿಮ್ಮ ಮೇಲೆ ಅನುಮಾನ ಪಟ್ಟೆ."

ಅವನು ಎದೆಯುಬ್ಬಿಸಿ ನಿಂತ. ಅಷ್ಟರಲ್ಲಿ ನರ್ಸಮ್ಮ ಮೀನಿನ ಬಾಯಿಯತ್ತ ಬಗ್ಗಿದಳು. ಅದರ ತುಟಿಯಂಚಿನಲ್ಲಿ ಹಸಿರು ಮಣಿಯ ತಗಡು ಲಕಲಕ ಹೊಳೆಯುತ್ತಿತ್ತು.

"ಅಕ್ಕಾ, ನಿಮ್ಮ ಕಿವೀಲಿರೋದೂ ಇಂಥದ್ದೇ ಅಲ್ವಾ?"

ಹೆಂಡತಿಯ ಕೈ ಮೆಲ್ಲಗೆ ಕಿವಿಗೆ ಹೋಯಿತು.

"ವಿದೇಶದ್ದು, ಊರಲ್ಲೇ ಇನ್ನೊಂದು ಜೊತೆ ಇಲ್ಲ ಅಂತ ಕೊಟ್ರಲ್ಲ ರೀ... ಇಷ್ಟು ದಿನ ಮೀನಿನ ಗಾಳ ನೇತುಹಾಕ್ಕೊಂಡು ಕಂಡವರ ಮದುವೆಗೆಲ್ಲ ಹೋಗ್ತಿದ್ನಾ ನಾನು?"

ಪೇದೆ ಅವನ ಒದ್ದೆ ತೋಳನ್ನು ಬಿಗಿಯಾಗಿ ಹಿಡಿದುಕೊಂಡ.

"ಆ ಕೇಸು ಮುಗೀತಮ್ಮ. ಇದು ಬೇರೆ ಕೇಸು."