ಒಂದು ಸುತ್ತಿಗೆ ಒಂದು ರೊಟ್ಟಿ

ನಮ್ಮ ಅತ್ತೆಗೆ ಸೈಕಲ್ ತುಳಿಯಲು ಬರುವುದಿಲ್ಲ. ಕ್ಯಾರಿಯರ್ ಮೇಲೆ ಕೂರಲಿಕ್ಕೂ ಹೆದರಿಕೆ. ಆದರೂ ದಾವಣಗೆರೆಯಿಂದ ಹರಿಹರದವರೆಗೆ ಸೈಕಲ್ ಪಂದ್ಯದ ವಿಷಯವನ್ನು ಅವಳಿಗಿಂತ ಹೆಚ್ಚು ಬಲ್ಲವರನ್ನು ಯಾರಾದರೂ ತೋರಿಸಿದರೆ ನಾನು ಅರ್ಧ ಮೀಸೆ ಬೋಳಿಸಿಕೊಳ್ಳುತ್ತೇನೆ!

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಅವಳ ಕೈಯ ಜೋಳದ ರೊಟ್ಟಿ ಸೀದದ್ದನ್ನು ಕಂಡವರಿಲ್ಲ. ಹೋದ ಒಲಿಂಪಿಕ್ಸ್ ಹೊತ್ತಿನಲ್ಲಿ ಒಂದು ದಿನ ಸೀದಿತು. ಹಿಟ್ಟಿನ ಡಬ್ಬಕ್ಕೆ ಮೊಬೈಲ್ ಒರಗಿಸಿಕೊಂಡು ಅವಳು ರೊಟ್ಟಿ ತಟ್ಟುತ್ತಿದ್ದಳು. ಅದರಲ್ಲಿ ಯಾವುದೋ ದೇಶದ ನಾಲ್ಕು ಗಂಡಸರು, ಬೋಗುಣಿಯಂಥ ಇಳಿಜಾರು ಹಾದಿಯಲ್ಲಿ, ಗಾಲಿಯ ಹಿಂದೆ ಗಾಲಿ ಇಟ್ಟು ಒಂದೇ ಸಾಲಿನಲ್ಲಿ ಸುತ್ತುತ್ತಿದ್ದರು. ಟೀಮ್ ಪರ್ಸೂಟ್ ಎಂದು ಅದರ ಹೆಸರು. ಒಟ್ಟು ನಾಲ್ಕು ಕಿಲೋಮೀಟರ್. ಮುಂದಿನವನು ಗಾಳಿಗೆ ಎದೆಯೊಡ್ಡುತ್ತಾನೆ, ದಣಿದರೆ ಪಕ್ಕಕ್ಕೆ ಸರಿದು ಸಾಲಿನ ಕೊನೆಗೆ ಬರುತ್ತಾನೆ, ಎರಡನೆಯವನು ಮುಂದಾಗುತ್ತಾನೆ. ನಾನು ಹೋದಾಗ ಅಡಿಗೆಮನೆ ತುಂಬ ಹೊಗೆ, ಹೊಗೆಯ ನಡುವೆ ಅತ್ತೆ.

"ನೋಡೋ ತಮ್ಮಾ, ನಾಕು ಮಂದಿ ಒಂದು ಮಾತು ಆಡ್ಲಿಲ್ಲ. ಆದ್ರೂ ಕೂಡೇ ಹೋದ್ರು. ನಮ್ಮನ್ಯಾಗೂ ಮಾತಾಡದವ್ರು ಮೂರು ಮಂದಿ ಅದಾರಲ್ಲ" ಎಂದಳು.

ಆ ಮೂವರ ಕತೆ ಹೇಳಲೇಬೇಕು. ಅತ್ತೆಯ ಗಂಡ, ಅಂದರೆ ನಮ್ಮ ಮಾವ, ಮೂವರು ಅಣ್ಣತಮ್ಮಂದಿರಲ್ಲಿ ಹಿರಿಯರು. ನಡುವಿನವರು ಹರಿಹರದಲ್ಲಿದ್ದಾರೆ, ಕಿರಿಯವರು ಹದಡಿಯಲ್ಲಿ. ಮನೆ ಪಾಲಾದಾಗ ಹೊಲ, ಎತ್ತು, ಗಾಡಿ ಎಲ್ಲ ಸಲೀಸಾಗಿ ಮೂರಾದವು. ಒಂದು ತಾಮ್ರದ ಹಂಡೆ ಮಾತ್ರ ಆಗಲಿಲ್ಲ. ಹಂಡೆಯನ್ನು ಕುಂಬಳಕಾಯಿಯ ಹಾಗೆ ಹೋಳು ಮಾಡಲಾಗುತ್ತದೆಯೇ? ಮಾತಿಗೆ ಮಾತು ಬೆಳೆಯಿತು, ಕೊನೆಗೆ ಮಾತೇ ನಿಂತಿತು. ಆರು ವರ್ಷ! ಅಲ್ಲಿಂದಾಚೆ ಯಾರಿಗೆ ಜ್ವರ ಬಂದರೂ, ಯಾರ ಎಮ್ಮೆ ಈದರೂ, ಸುದ್ದಿ ಹೋಗುವುದು ಬರುವುದು ಅತ್ತೆಯ ಮೂಲಕವೇ. ಹಂಡೆ ಅವಳ ಅಟ್ಟದ ಮೇಲೆ ಬೋರಲಾಗಿ ಬಿದ್ದಿದೆ.

ಆರು ವರ್ಷ ಟಪಾಲು ಹೊತ್ತವರಿಗೆ ಟಪಾಲು ತಿದ್ದುವ ಅಧಿಕಾರವೂ ತಾನಾಗಿಯೇ ಬರುತ್ತದೆ. ಬಡಾವಣೆಯ ಕ್ರೀಡಾಕೂಟದಲ್ಲಿ ಈ ಮೂವರನ್ನೂ ಒಂದೇ ಸಾಲಿನಲ್ಲಿ ಸೈಕಲ್ ತುಳಿಸಲು ಹೊರಟ ಅತ್ತೆ ಹರಿಹರಕ್ಕೆ ಫೋನ್ ಮಾಡಿ, "ನಿಮಗೆ ಎರಡು ಸುತ್ತಿಗೇ ಏದುಸಿರು ಬರ್ತೈತಂತೆ, ನಿಮ್ಮಣ್ಣ ಅಂತಿದ್ರು" ಎಂದಳು. ಹದಡಿಗೂ ಅದೇ ಮಾತು. ಮಾವನಿಗೆ, "ತಮ್ಮಂದಿರು ತಯಾರದಾರೆ. ನಿಮ್ಮ ಕೈಲಿ ಆಗಂಗಿಲ್ಲ ಅಂತ ಅವ್ರಿಗೆ ಮರುಕ" ಎಂದಳು. ಮೂವರೂ ಮೀಸೆ ತಿರುವಿಕೊಂಡು ಬಂದರು.

ನಾಲ್ಕನೆಯವನು ನಾನು. ಈ ಪಂದ್ಯದಲ್ಲಿ ಮೂರನೆಯವನ ಗಾಲಿ ಗೆರೆ ಮುಟ್ಟಿದಾಗ ಸಮಯ ಲೆಕ್ಕ. "ಹಂಗಾದ್ರೆ ನಾನು ಯಾತಕ್ಕೆ ಅತ್ತೆ?" ಎಂದು ಕೇಳಿದೆ.

"ಗಾಳಿ ತಡಿಯಾಕೆ. ಆಮ್ಯಾಲೆ ನೀ ಬಿದ್ರೂ ನಡಿತೈತೆ."

"ಅವರು ಬಿದ್ರೆ?"

"ಅವ್ರು ಬೀಳಂಗಿಲ್ಲ. ಮೂರೂ ಮಂದಿ ಗೆರೆ ದಾಟ್ಬೇಕು. ಒಬ್ಬಾತ ಹಿಂದುಳಿದ್ರೂ ಸೋತಂಗೇ."

ನಾನು ಪೆದ್ದ, ಅವಳು ಪಂದ್ಯದ ನಿಯಮ ಹೇಳುತ್ತಿದ್ದಾಳೆ ಎಂದುಕೊಂಡೆ.

ಬೆಳಗಿನ ಹೊತ್ತು ಹೈಸ್ಕೂಲ್ ಮೈದಾನದಲ್ಲಿ ತಾಲೀಮು ಶುರುವಾಯಿತು. ಹತ್ತು ಸುತ್ತು ಹಾಕಿದರೆ ನಾಲ್ಕು ಕಿಲೋಮೀಟರ್. ಅತ್ತೆ ಮೊದಲು ಎಲ್ಲರ ಸೈಕಲ್ಲಿನ ಬೆಲ್ ಬಿಚ್ಚಿಸಿದಳು. ಬೆಲ್ ಹೊಡೆದರೂ ಮಾತಾಡಿದಂತೆಯೇ ಎಂದು ಅವಳ ವಾದ. ಒಲಿಂಪಿಕ್ಸ್ ಸೈಕಲ್ಲಿಗೆ ಬ್ರೇಕೂ ಇರುವುದಿಲ್ಲ ಎಂದು ಅದಕ್ಕೂ ಕೈ ಹಾಕಿದಾಗ ಮಾವ ಗಾಬರಿಯಾದರು.

"ಬ್ರೇಕ್ ಇಲ್ದೆ ನಿಲ್ಸೋದು ಹೆಂಗೆ?"

"ಆರು ವರ್ಷದಿಂದ ಬ್ರೇಕ್ ಹಿಡ್ಕೊಂಡೇ ಕುಂತೀರಿ. ಇನ್ನೂ ಸಾಕಾಗಿಲ್ಲೇನ್ರಿ?"

ಬ್ರೇಕ್ ಉಳಿಯಿತು, ಮಾವ ಸೈಕಲ್ ಹತ್ತಿದರು.

ಸಮಯ ನೋಡಲು ಗಡಿಯಾರ ಬ್ಯಾಡ ಎಂದಳು. ಒಂದು ಸುತ್ತಿಗೆ ಒಂದು ರೊಟ್ಟಿ! ಸುಣ್ಣದ ಗೆರೆಯ ಪಕ್ಕ ನಿಂತು ಗಾಳಿಯಲ್ಲೇ ರೊಟ್ಟಿ ತಟ್ಟುವಳು. ರೊಟ್ಟಿ ಮುಗಿಯುವ ಮೊದಲೇ ನಾವು ಬಂದರೆ ಗೆರೆಯಿಂದ ಒಂದು ಹೆಜ್ಜೆ ಮುಂದೆ ಹೋಗಿ ನಿಲ್ಲುವಳು. ತಡವಾದರೆ ಒಂದು ಹೆಜ್ಜೆ ಹಿಂದೆ. ವಿದೇಶದ ತರಬೇತುದಾರರೂ ಹೀಗೆಯೇ ನಿಂತು ತಿಳಿಸುತ್ತಾರಂತೆ. ಅವಳು ನಿಂತ ಜಾಗ ನೋಡಿ ನಮ್ಮ ಹಣೆಬರಹ ಓದಿಕೊಳ್ಳಬೇಕು. ಮೊದಲ ವಾರ ಅವಳು ಹಿಂದೆ ಹಿಂದೆ ಸರಿದು ಕಾಂಪೌಂಡಿಗೆ ಬೆನ್ನು ತಾಗಿಸಿದ್ದಳು. ವಾಕಿಂಗ್ ಬಂದವರು ನನ್ನನ್ನು ಕರೆದು, "ನಿಮ್ಮ ಅತ್ತೆಯವ್ರಿಗೆ ಆರಾಮ ಐತೇನ್ರಿ?" ಎಂದು ವಿಚಾರಿಸಿದರು.

ಬಡಾವಣೆಯ ಕ್ರೀಡಾಕೂಟ ಬಂತು. ಡ್ರಿಲ್ ಮಾಸ್ತರಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು ಅತ್ತೆ ನಮ್ಮ ಪಂದ್ಯವನ್ನೂ ಸೇರಿಸಿದ್ದಳು. ಎದುರಾಳಿಗಳು ಜಿಮ್ಮಿನ ನಾಲ್ಕು ಹುಡುಗರು, ಗೇರ್ ಸೈಕಲ್ಲಿನವರು. ನಮ್ಮ ಮೂವರು ಮಾವಂದಿರು ಬನಿಯನ್ನಿನಲ್ಲಿ, ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದರು. ಮೂರನೆಯವನ ಸಮಯವೇ ಲೆಕ್ಕ ಎಂದು ಮಾಸ್ತರು ಮೈಕಿನಲ್ಲಿ ಎರಡು ಸಲ ಹೇಳಿದರು. ಹುಡುಗರು ನಗುತ್ತಿದ್ದರು.

ಸೀಟಿ ಊದಿದ್ದೇ ಹುಡುಗರು ಬಾಣದಂತೆ ಹೋದರು. ಅತ್ತೆ ಗೆರೆಯಿಂದ ಎರಡು ಹೆಜ್ಜೆ ಹಿಂದೆ ನಿಂತಿದ್ದಳು. ನಾಲ್ಕನೇ ಸುತ್ತಿಗೆ ಹುಡುಗರ ಸಾಲು ಹರಿಯಿತು. ಒಬ್ಬೊಬ್ಬನಿಗೂ ತಾನೇ ಮುಂದಿರಬೇಕು. ಐದರಿಂದ ಏಳರವರೆಗೆ ಗಾಳಿ ತಡೆದವನು ನಾನು. ಆಮೇಲೆ ಪಕ್ಕಕ್ಕೆ ಸರಿದು, ಗೆರೆಯ ಹತ್ತಿರವೇ ಹುಲ್ಲಿನ ಮೇಲೆ ಬಿದ್ದುಕೊಂಡೆ. ಅತ್ತೆ ನನ್ನತ್ತ ತಿರುಗಿಯೂ ನೋಡಲಿಲ್ಲ.

ಒಂಬತ್ತನೇ ಸುತ್ತು. ಹರಿಹರದ ಮಾವ ಮುಂದೆ, ಹದಡಿ ಮಾವ ನಡುವೆ, ನಮ್ಮ ಮಾವ ಹಿಂದೆ. ಮಾವನ ತಲೆ ತೂಗತೊಡಗಿತು. ಒಂದು ಮಾರು ಅಂತರ, ಎರಡು ಮಾರು, ನಾಲ್ಕು ಮಾರು. ಹರಿಹರದ ಮಾವನಿಗೆ ಇದು ಕಾಣುವ ಹಾಗಿಲ್ಲ. ಬೆಲ್ಲಂತೂ ಇಲ್ಲ. ಅತ್ತೆಯ ಕೈ ಅರ್ಧ ರೊಟ್ಟಿಗೇ ನಿಂತುಬಿಟ್ಟಿತು.

ಆಗ ಹದಡಿ ಮಾವ ಹಿಂತಿರುಗಿ ನೋಡಿ ಕೂಗಿದರು: "ತಡಿಯಣ್ಣಾ! ದೊಡ್ಡಣ್ಣ ಹಿಂದೆ ಉಳಿದಾನೆ!"

ಹರಿಹರದ ಮಾವ ಕಾಲು ಸಡಿಲಿಸಿದರು. ನಮ್ಮ ಮಾವ ಹಲ್ಲು ಕಚ್ಚಿ ತುಳಿದು ತಮ್ಮಂದಿರ ಸಾಲು ಸೇರಿದರು. ಹತ್ತನೇ ಸುತ್ತನ್ನೂ ಮುಗಿಸಿ ಮೂವರೂ ಒಬ್ಬರ ಹಿಂದೆ ಒಬ್ಬರು ಗೆರೆ ದಾಟಿದರು. ಹುಡುಗರಲ್ಲಿ ಇಬ್ಬರು ಯಾವಾಗಲೋ ಮುಗಿಸಿ ನೀರು ಕುಡಿಯುತ್ತಿದ್ದರು. ನಾಲ್ಕನೆಯವನು ನಡುವೆಯೇ ಕೈಬಿಟ್ಟಿದ್ದ, ಮೂರನೆಯವನು ಇನ್ನೂ ಚೈನು ಬಿದ್ದ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ಗೆದ್ದೆವು! ಬಹುಮಾನದ ಕಪ್ಪು ಒಂದೇ ಇತ್ತು. ಹಂಡೆಯಿಂದ ಪಾಠ ಕಲಿತ ಅತ್ತೆ ಆಮೇಲೆ ಅದನ್ನು ನನ್ನ ಕೈಗೆ ದಾಟಿಸಿದಳು. ಈಗಲೂ ನಮ್ಮ ಮನೆಯಲ್ಲಿದೆ.

ಆದರೆ ಕಪ್ಪು ಬರುವ ಮುಂಚೆಯೇ ಜಗಳ ಬಂತು.

"ಮಾತಾಡಂಗಿಲ್ಲ ಅಂತ ಅತ್ತಿಗೆ ಹೇಳಿರ್ಲಿಲ್ಲೇನೋ? ಯಾಕ ಕೂಗಿದಿ?" ಎಂದರು ಹರಿಹರದ ಮಾವ.

"ಕೂಗದಿದ್ರೆ ನೀ ಹರಿಹರಕ್ಕೇ ಹೋಗಿ ನಿಲ್ತಿದ್ದಿ" ಎಂದರು ಹದಡಿ ಮಾವ.

"ನಾನೇನ್ ಹಿಂದೆ ಉಳಿದಿರ್ಲಿಲ್ಲ. ದಮ್ಮು ತಗೊಂತಿದ್ದೆ" ಎಂದು ನಮ್ಮ ಮಾವ ಏದುಸಿರಿನಲ್ಲೇ ನಡುವೆ ಬಾಯಿ ಹಾಕಿದರು.

ಮೂವರ ದನಿಯೂ ಏರಿತು. ಮತ್ತೊಂದು ಆರು ವರ್ಷ ಆರಂಭವಾಯಿತೆಂದು ಹೆದರಿ ನಾನು ಎದ್ದು ಬಿಡಿಸಲು ಹೊರಟೆ. ಅತ್ತೆ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಬಿಡೋ. ಬೈದಾಡ್ಲಿ. ಈ ಸದ್ದು ಕೇಳಿ ಆರು ವರ್ಷ ಆತು."

ಅವಳ ಕಣ್ಣು ತುಂಬಿತ್ತು. ಅವಳು ನನ್ನ ಕೈ ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಸುಣ್ಣದ ಗೆರೆಯಿಂದ ಮುಂದಕ್ಕೆ ನಡೆದಳು. ಒಂದು ಹೆಜ್ಜೆ, ಎರಡು, ಐದು, ಹತ್ತು. ಧ್ವಜದ ಕಂಬ ದಾಟಿ, ನಲ್ಲಿಯ ಹತ್ತಿರ ಹೋಗಿ ನಿಂತಳು. ಅಷ್ಟು ಮುಂದೆ ಅವಳು ಯಾವತ್ತೂ ನಿಂತಿರಲಿಲ್ಲ.