ಭಾವನ ಸೂರಿಲ್ಲದ ಕಾರು

ಬೆಳಿಗ್ಗೆ ಹಾಲು ಕಾಯಿಸಿದೆ, ದೋಸೆ ಎರೆದೆ, ಅಕ್ಕನಿಗೆ ಮಾತ್ರೆ ಕೊಟ್ಟೆ, ಕೊಡೆ ಹುಡುಕಿದೆ. ಕೊಡೆ ಯಾಕೆಂದರೆ, ಹೊರಟಿದ್ದು ಭಾವನ ಕಾರಿನಲ್ಲಿ. ಅರ್ಧ ವರ್ಷ ಮಳೆ ಹೊಯ್ಯುವ ಸಾಗರದಲ್ಲಿ ಸೂರಿಲ್ಲದ ಕಾರು ಕೊಂಡ ಮಹಾನುಭಾವರು ಅವರೊಬ್ಬರೇ! ಹಳೇ ಕಾಲದ ಕೆಂಪು ಸ್ಪೋರ್ಟ್ಸ್ ಕಾರು. ಮಡಚುವ ಟಾಪು ಇದೆಯಂತೆ. ಬಿಡಿಸಿದ್ದನ್ನು ಯಾರೂ ಕಂಡಿಲ್ಲ. ಮುಂದೆ ಎರಡು ಸೀಟು. ಹಿಂದೆ ಹಲಗೆಯಂಥದ್ದೊಂದು, ಅಲ್ಲಿ ತೆಂಗಿನಕಾಯಿ ಚೀಲ ಕೂರಬಹುದು, ಇಲ್ಲವೇ ನಾನು.

“ಗಾಳಿ ನೆತ್ತಿಗೆ ಬಡೀಬೇಕು ಮಾರಾಯ್ತಿ, ಅದೇ ಮಜಾ” ಎಂದು ಭಾವ ಕರೆದಾಗಲೆಲ್ಲ ಅಕ್ಕ, “ನಿಮಗೆಂತ, ಬೋಳು ನೆತ್ತಿ! ನನ್ನ ಜಡೆ ಗತಿ?” ಎನ್ನುತ್ತಿದ್ದಳು. ಸೊಂಟ ದಾಟಿದ ಜಡೆ. ಒಮ್ಮೆಯೂ ಕಾರು ಹತ್ತಿರಲಿಲ್ಲ.

ಈ ವರ್ಷ ಕ್ಯಾನ್ಸರಿನ ಔಷಧಿ ಆ ಜಡೆಯನ್ನು ಪೂರ್ತಿ ಉದುರಿಸಿತು. ಆರೈಕೆಗೆ ನಾನು ಬಂದೆ. ಚಿಕಿತ್ಸೆ ಮುಗಿದರೂ ಅಕ್ಕ ಗೇಟು ದಾಟಲಿಲ್ಲ. “ಎಲ್ರೂ ನನ್ನ ತಲೆನೇ ನೋಡ್ತಾರೆ.” ಮಲಗುವಾಗಲೂ ಸ್ಕಾರ್ಫು ಬಿಚ್ಚಳು. ಅಂಥವಳನ್ನು ಹೊಸನಗರದವರೆಗೆ ಕರೆದೊಯ್ಯುತ್ತೇನೆಂದು ಭಾವನ ಹಟ. ಅದೂ ಯಾವುದರಲ್ಲಿ? ಲಾರಿ ಡ್ರೈವರುಗಳೂ ಇಣುಕಿ ನೋಡುವ ಆ ಕಾರಿನಲ್ಲಿ!

“ಜಡೆ ನೆಪ ಈಗ ಇಲ್ವಲ್ಲ” ಎಂದುಬಿಟ್ಟರು ಭಾವ.

ಅಕ್ಕ ದುರುಗುಟ್ಟಿ ನೋಡಿದಳು. ಆಮೇಲೆ, ಏನನ್ನಿಸಿತೋ, ಚಪ್ಪಲಿ ಮೆಟ್ಟಿದಳು.

ದಾರಿಯುದ್ದಕ್ಕೂ ಅವಳು ಎರಡೂ ಕೈಯಲ್ಲಿ ಸ್ಕಾರ್ಫು ಹಿಡಿದಿದ್ದಳು, ನಾನು ಉಸಿರು ಹಿಡಿದಿದ್ದೆ. ಬಟ್ಟೆಮಲ್ಲಪ್ಪದ ಬಸ್‌ಸ್ಟ್ಯಾಂಡಿನೆದುರು ಅಡ್ಡ ಬಂತು ಒಂದು ಎಮ್ಮೆ. ಭಾವ ಬ್ರೇಕ್ ಒತ್ತಿದರು, ಅಕ್ಕನ ಕೈ ಮುಂದಕ್ಕೆ ಹೋಯಿತು, ಸ್ಕಾರ್ಫು ಹಾರಿತು. ಎಂಜಿನ್ನೂ ನಿಂತಿತು! ಬಸ್ಸಿಗೆ ಕಾದಿದ್ದವರೆಲ್ಲ ನಮ್ಮ ಕಡೆಗೇ ಬಂದರು. ಅಕ್ಕ ತಲೆ ತಗ್ಗಿಸಿದಳು. ಮರೆ ಮಾಡೋಣವೆಂದು ಕೊಡೆ ಬಿಚ್ಚಹೋದರೆ ಹಾಳಾದ್ದು ಬಿಚ್ಚಲೇ ಇಲ್ಲ.

“ಲೀಟ್ರಿಗೆ ಎಷ್ಟು ಕೊಡ್ತದೆ ಮಾರಾಯ್ರೆ?” ಮುದುಕರೊಬ್ಬರು ಬಾನೆಟ್ ಸವರಿದರು.

“ಮಳೆ ಬಂದ್ರೆ ಎಂತ ಮಾಡ್ತೀರಿ?” ಇನ್ನೊಬ್ಬರು.

ಹಿಂದಿನಿಂದ ಒಬ್ಬಾಕೆ ಕತ್ತು ಚಾಚಿ, “ಅಮ್ಮಾ, ತಲೆ ಸ್ವಲ್ಪ ಆಚೆ ಮಾಡಿ. ಮೀಟರು ಕಾಣ್ತಿಲ್ಲ!”

ಅಕ್ಕ ತಲೆ ಆಚೆ ಮಾಡಿದಳು. ಮಾಡಿ, ಭಾವನ ಮುಖ ನೋಡಿ ನಕ್ಕುಬಿಟ್ಟಳು. ಎಷ್ಟು ತಿಂಗಳಾಗಿತ್ತೋ ಅವಳು ಹಾಗೆ ನಕ್ಕು!

ನಾನು ಸ್ಕಾರ್ಫು ಹೆಕ್ಕಿ ತಂದೆ. ಅದನ್ನವಳು ಮಡಚಿ ತೊಡೆಯ ಮೇಲಿಟ್ಟುಕೊಂಡಳು. “ಎಂತ ಕಾಯ್ತಾ ಇದೀರಿ? ಬಿಡಿ ಗಾಡಿ. ಗಾಳಿ ಬರ್ಲಿ.”

ಎದುರಿಗೇ ಇದ್ದ ಕೀಲಿ ಭಾವನ ಕೈಗೆ ಸಿಗಲು ಸ್ವಲ್ಪ ಹೊತ್ತು ಬೇಕಾಯಿತು.

ರಾತ್ರಿ ಗಂಜಿ, ಅಪ್ಪೆಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ. ಮೊದಲು ಮಲಗಿದ್ದು ಅಕ್ಕ. ಸ್ಕಾರ್ಫು ಹೊರಗೆ ತಂತಿಯ ಮೇಲಿತ್ತು.