ಉಪಗ್ರಹವೂ ಜಯಮ್ಮನ ಸಂಡಿಗೆಯೂ

ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ಒಂದೇ ಸಂಗತಿಯನ್ನು ನಾಲ್ಕಾರು ಕಡೆ ಹೇಳಿಕೊಂಡು ಬಂದರೆ ಕೊನೆಯ ಹೊತ್ತಿಗೆ ಅದರಲ್ಲಿ ನಾನೇ ಹೀರೋ ಆಗಿರುತ್ತೇನೆ. ಆದ್ದರಿಂದ ಇದು ಮಂಗಳವಾರ ನಡೆಯಿತು ಎಂದು ಬರೆದರೆ ಅರ್ಧ ಮಾತ್ರ ನಂಬಿ; ನನ್ನ ಹೆಂಡತಿ ಜಯಮ್ಮ ಬುಧವಾರ ಎನ್ನುತ್ತಾಳೆ. ಸಂಡಿಗೆ ಹಾಳಾದದ್ದು ಯಾರಿಂದ ಎಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಆತಗೂರಿನ ಕಡೆ ನಮ್ಮ ಮನೆಯ ಸುತ್ತಲೂ ಕಬ್ಬು. ಕಟಾವಾದ ಮೇಲೆ ಉಳಿದ ಒಣ ತರಗಿಗೆ ಯಾರಾದರೂ ಬೆಂಕಿ ಇಟ್ಟರೆ ಕರಿ ಬೂದಿಯ ಎಸಳುಗಳು ತೇಲಿ ಬಂದು, ಒಣಹಾಕಿದ ಬಟ್ಟೆಗಳಲ್ಲಿ ಬಿಳಿಯದನ್ನೇ ಆರಿಸಿಕೊಂಡು ಕೂರುತ್ತವೆ. ಮದ್ದೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದ ನನಗೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ಒಂದು ತರಬೇತಿಯಲ್ಲಿ ಉಪಗ್ರಹದ ಚಿತ್ರ ನೋಡುವುದನ್ನು ಕಲಿಸಿದ್ದರು. ಬೆಂಕಿ ಇದ್ದಲ್ಲಿ ನಕ್ಷೆಯ ಮೇಲೆ ಕೆಂಪು ಚುಕ್ಕಿ. ಹೊಗೆ ದೊಡ್ಡದಾದರೆ ಬೂದು ಬಣ್ಣದ ಬಾಲ. ಅಂದಿನಿಂದ ನಾನು ಫೋನ್ ಕೆಳಗಿಟ್ಟಿಲ್ಲ. ಒಂದು ಸಂಜೆ ಪಂಜಾಬಿನ ಗದ್ದೆಗಳ ಹೊಗೆ ಯಾವ ಕಡೆ ವಾಲುತ್ತಿದೆ ಎಂದು ಪರೀಕ್ಷಿಸುತ್ತಿದ್ದಾಗ ಜಯಮ್ಮ ಅಡುಗೆಮನೆಯಿಂದ ಕೇಳಿದಳು: "ಇಲ್ಲಿ ಆಲು ಉಕ್ಕಿ ಸೀದೋಯ್ತಾ ಅದೆ. ಅದ್ರ ಚುಕ್ಕಿ ಬರಾಕಿಲ್ವಾ ನಿಮ್ ಫೋನಲ್ಲಿ?"

ಆ ವಾರದ ಕೊನೆಗೆ ಬೀಗರೂಟವಿತ್ತು. ನಮ್ಮ ಮಗಳನ್ನು ಕೊಟ್ಟದ್ದು ಮಳವಳ್ಳಿಗೆ. ನಿಶ್ಚಿತಾರ್ಥದ ದಿನ ಬೀಗಿತ್ತಿ ನಮ್ಮ ಮನೆಯ ಸಂಡಿಗೆ ಕಚ್ಚಿ "ಪರ್ವಾಗಿಲ್ಲ" ಎಂದಿದ್ದರು. ಆ ಒಂದು ಮಾತು ಜಯಮ್ಮನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಈ ಸಲ ಅದೇ ಬಾಯಲ್ಲಿ ಬೇರೆ ಮಾತು ಹೊರಡಿಸಲೇಬೇಕೆಂದು ಹಿಟ್ಟು ಕಾಯಿಸಿ, ಮಹಡಿಯ ತುಂಬ ಬಿಳಿ ಪಂಚೆ ಹಾಸಿ ಸಂಡಿಗೆ ಇಟ್ಟಳು.

ಬಿಸಿಲು ಇಳಿಯುವ ಹೊತ್ತಿಗೆ ಗಾಳಿ ಮೂಸಿ, "ಯಾಕೋ ವಾಸ್ನೆ ಬತ್ತಾ ಅದೆ, ಎತ್ತಿಬುಡನಾ?" ಎಂದಳು. ನಾನು ಆಗತಾನೆ ಬಂದ ಮಧ್ಯಾಹ್ನದ ಚಿತ್ರ ತೆರೆದೆ. ಮಂಡ್ಯದಿಂದ ಮಳವಳ್ಳಿಯವರೆಗೆ ಒಂದೂ ಚುಕ್ಕಿಯಿಲ್ಲ. "ಮೂಗು ಮೋಸ ಮಾಡುತ್ತೆ, ಉಪಗ್ರಹ ಮಾಡಲ್ಲ. ಇನ್ನಷ್ಟು ಒಣಗಲಿ," ಎಂದೆ. ನಾನು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಹಸಿ ಸಂಡಿಗೆಯ ಮೇಲೆಲ್ಲ ಕರಿ ಬೂದಿ.

ಹೊಗೆಯ ಜಾಡು ಹಿಡಿದು ಓಡಿದರೆ, ಬದುವಿನ ಮೇಲೆ ನನ್ನ ಜೊತೆ ಓದಿದ ಜವರ ನೆಮ್ಮದಿಯಾಗಿ ಕೂತು ತರಗು ಉರಿಯುವುದನ್ನು ನೋಡುತ್ತಿದ್ದ.

"ಏನ್ಲಾ ಜವರ ಇದು, ಚಿತ್ರದಲ್ಲಿ ಒಂದು ಚುಕ್ಕೀನೂ ಇಲ್ವಲ್ಲೋ?"

"ಯೆಂಗಿದ್ದದು? ನಿನ್ ಉಪಗ್ರಹ ಮಧ್ಯಾನ ಒಂದೂವರೆಗೆ ಈ ಕಡೆ ಬಂದೋದ್ರೆ ಆಮ್ಯಾಕೆ ರಾತ್ರಿಗಂಟ ತಲೆ ಆಕಾಕಿಲ್ಲ ಅಂತ ಟೀ ಅಂಗ್ಡೀಲಿ ಭಾಸಣ ಬಿಗ್ದೋನು ಯಾರ್ಲಾ? ಚುಕ್ಕಿ ಕಂಡ್ರೆ ದಂಡ ಬಿದ್ದಾತು ಅಂತ ಅವತ್ತಿಂದ ಊರೋರೆಲ್ಲ ಮೂರು ಗಂಟೆ ಆದ್ಮ್ಯಾಲೇ ಕಣ್ಲಾ ಕಡ್ಡಿ ಗೀರೋದು."

ಹಾಗೆ ಹೇಳಿದ್ದು ನನಗೆ ನೆನಪಿಲ್ಲ, ಎಂದರೆ ಹೇಳಿದ್ದೇನೆ. ನನ್ನ ನೆನಪೂ ಆ ಉಪಗ್ರಹದ ಜಾತಿಯದೇ. ಯಾವಾಗಲೋ ಒಮ್ಮೆ ಮೇಲಿಂದ ಹಾದುಹೋಗಿ, ನಡುವಿನ ಹೊತ್ತಿನಲ್ಲಿ ಏನೂ ನಡೆದೇ ಇಲ್ಲವೆಂದು ವರದಿ ಕೊಡುತ್ತದೆ.

ಹೊಸದಾಗಿ ಮಾಡಲು ಸಮಯವಿರಲಿಲ್ಲ. ಪೊರಕೆ ಕಡ್ಡಿ ಹಿಡಿದು ಬೂದಿ ಬಿಡಿಸುವ ಶಿಕ್ಷೆ ನನಗೇ ಬಿತ್ತು. ದೊಡ್ಡವು ಬಂದವು, ಸಣ್ಣವು ಸಂಡಿಗೆಯೊಳಗೇ ಮನೆ ಮಾಡಿಕೊಂಡವು. ಬೀಗರೂಟದ ದಿನ ಬೀಗಿತ್ತಿ ಒಂದನ್ನು ಕಚ್ಚಿದರು. ಬೆಳಕಿಗೆ ಹಿಡಿದು ನೋಡಿದರು.

"ಎಳ್ಳಾಕಿದ್ದೀರಾ? ಬೋ ಸಂದಾಗದೆ ಕಣಮ್ಮ. ಎಲ್ಲೀದು ಈ ಎಳ್ಳು?"

"ನಮ್ ಮೇಷ್ಟ್ರು ತರ್ಸಿದ್ದು," ಎಂದಳು ಜಯಮ್ಮ, ನನ್ನನ್ನೇ ನೋಡುತ್ತ. "ಮ್ಯಾಲಿಂದ."

ಈಗ ಮಳವಳ್ಳಿಯಿಂದ ಫೋನ್ ಬಂದಿದೆ, ಹಬ್ಬಕ್ಕೆ ಒಂದು ಡಬ್ಬಿ ಅದೇ ಎಳ್ಳಿನ ಸಂಡಿಗೆ ಬೇಕಂತೆ. ಇನ್ನು ಯಾವ ಗದ್ದೆಗೆ ಯಾವ ದಿನ ಬೆಂಕಿ ಬೀಳುತ್ತದೆ ಎಂದು ನೋಡಿ ಹೇಳಬೇಕಾದವನು ನಾನು. ಚಿತ್ರದ ಮೇಲೆ ಚಿತ್ರ ತೆರೆಯುತ್ತೇನೆ. ಒಂದು ಚುಕ್ಕಿಯೂ ಇಲ್ಲ. ಇಷ್ಟು ವರ್ಷದ ಮೇಷ್ಟರಿಕೆಯಲ್ಲಿ ನಾನು ಹೇಳಿಕೊಟ್ಟ ಪಾಠಗಳಲ್ಲಿ ಇಡೀ ಊರು ತಪ್ಪಿಲ್ಲದೆ ಕಲಿತದ್ದು ಇದೊಂದನ್ನೇ.